ಎರಡು ಹಂತದ ನೀರಿನ ರಾಕೆಟ್: ಮೇಲಿನ ಬಾಟಲಿ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಒಂದೇ ಬಾಟಲಿಯ ನೀರಿನ ರಾಕೆಟ್ ಹಾರಿಸೋದು ಕಷ್ಟವಲ್ಲ. ಮೂರನೇ ಒಂದು ಭಾಗ ನೀರು, ಒಂದು ಸೈಕಲ್ ಪಂಪು, ಮೂರೋ ನಾಲ್ಕೋ ರೆಕ್ಕೆ ಇದ್ದರೆ ಸಾಕು, ಹಾರುತ್ತದೆ. ಅದರ ತಲೆಯ ಮೇಲೆ ಇನ್ನೊಂದು ಬಾಟಲಿ ಕೂರಿಸಿದಾಗ ಆಟವೇ ಬೇರೆ. ಕೆಳಗಿನದು ಖಾಲಿಯಾದ ಕೂಡಲೇ ಮೇಲಿನದು ತಾನಾಗಿ ಬಿಟ್ಟುಕೊಂಡು ಹಾರಬೇಕು. ಹಾರದಿದ್ದಾಗ ಎಲ್ಲರೂ ಮೊದಲು ಕೈ ಹಾಕೋದು ರೆಕ್ಕೆಗೆ. ಆಮೇಲೆ ನೀರಿನ ಅಳತೆಗೆ. ಆಮೇಲೆ ಗಾಳಿಯ ಒತ್ತಡ ಜಾಸ್ತಿ ಮಾಡೋದಕ್ಕೆ. ದೋಷ ಮಾತ್ರ ಬಹುತೇಕ ಎರಡು ಬಾಟಲಿಗಳ ನಡುವಿನ ಜೋಡಣೆಯಲ್ಲೇ ಕೂತಿರುತ್ತದೆ.

ಹಾಗಾಗಿ ಈ ಕೈಪಿಡಿ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ: ಮೇಲಿನ ಬಾಟಲಿ ಯಾವಾಗ ಬಿಟ್ಟಿತು? ಬೇಗ ಬಿಟ್ಟಿತಾ, ತಡವಾಗಿ ಬಿಟ್ಟಿತಾ, ಬಿಡಲೇ ಇಲ್ವಾ? ಇದಕ್ಕೆ ಉತ್ತರ ಸಿಗುವ ತನಕ ರಾಕೆಟ್ಟಿನ ಬೇರೆ ಯಾವ ಭಾಗವನ್ನೂ ಮುಟ್ಟಬೇಡಿ.

ಸಿಡಿಮದ್ದಿನ ಮೋಟಾರ್ ಯಾಕೆ ಬೇಡ ಅಂತ ಹುಬ್ಬಳ್ಳಿಯ ಹುಡುಗರು ಕೇಳುತ್ತಿರುತ್ತಾರೆ. ಮದ್ದು ಕಲಸೋದು ಬೆರಳು, ಕಣ್ಣು ಕಳೆದುಕೊಳ್ಳುವ ಕೆಲಸ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸಿದರೆ 1884ರ ಸ್ಫೋಟಕ ಕಾಯ್ದೆ ಪ್ರಕಾರ ಅಪರಾಧ ಕೂಡ. ಹಂತ ಬೇರ್ಪಡಿಸುವ ವಿದ್ಯೆಯ ಕಷ್ಟ, ಸುಖ ಎರಡನ್ನೂ ನೀರು ಮತ್ತು ಗಾಳಿಯೇ ಪೂರ್ತಿ ಕಲಿಸುತ್ತವೆ.

ಯಾವ ರಾಕೆಟ್ ಬಗ್ಗೆ ಮಾತು

ಕೆಳಗೆ 2.25 ಲೀಟರ್ ತಂಪು ಪಾನೀಯದ ಬಾಟಲಿ. ಅದರಲ್ಲಿ 750 ಮಿಲಿ ನೀರು. ಬಾಟಲಿಯ ಬಾಯಿ ಪೂರ್ತಿ ತೆರೆದಿರುತ್ತದೆ, ಒಳ ಅಗಲ ಸುಮಾರು 22 ಮಿಮೀ. ಇದನ್ನು ಬೂಸ್ಟರ್ ಅನ್ನೋಣ. ಮೇಲೆ 750 ಮಿಲಿ ಬಾಟಲಿ, ಅದರಲ್ಲಿ 250 ಮಿಲಿ ನೀರು. ಅದರ ಬಾಯಿಗೆ ತೋಟದ ನೀರಿನ ಪೈಪಿಗೆ ಹಾಕುವ ಕ್ವಿಕ್ ಕನೆಕ್ಟರಿನ ಗಂಡು ತುಂಡು, ತೂತು ಸುಮಾರು 9 ಮಿಮೀ. ಹೆಣ್ಣು ತುಂಡು ಬೂಸ್ಟರಿನ ತಳಕ್ಕೆ, ಅಂದರೆ ನಿಲ್ಲಿಸಿದಾಗ ಮೇಲೆ ಬರುವ ಭಾಗಕ್ಕೆ, ತೂತು ಕೊರೆದು ವಾಷರ್ ಹಾಕಿ ಬಿಗಿದಿರುತ್ತದೆ. ಇವೆರಡರ ನಡುವೆ ಗಾಳಿಯನ್ನು ಮೇಲಕ್ಕೆ ಮಾತ್ರ ಬಿಡುವ ಒಮ್ಮುಖ ವಾಲ್ವ್. ನಾವು ಬಳಸೋದು ಹಳೇ ಕಾಲದ ಸೈಕಲ್ ವಾಲ್ವಿನ ಪಿನ್ನು ಮತ್ತು ಅದರ ಮೇಲಿನ ರಬ್ಬರ್ ವಾಲ್‌ಟ್ಯೂಬ್.

ಹೆಣ್ಣು ತುಂಡಿನ ಹೊರಗೊಂದು ಕಾಲರ್ ಇರುತ್ತದೆ. ಅದು ಮೇಲಿದ್ದರೆ ಬೀಗ ಬಿದ್ದಂತೆ, ಕೆಳಗೆಳೆದರೆ ಬೀಗ ತೆಗೆದಂತೆ. ಅದರ ಸ್ಪ್ರಿಂಗ್ ತೆಗೆದುಬಿಡುತ್ತೇವೆ. ಎರಡೂ ಬದಿಗೆ 10 ಮಿಲಿಯ ಒಂದೊಂದು ಸಿರಿಂಜ್. ಅವುಗಳ ಬಾಯಿಗೆ ಬೂಸ್ಟರಿನೊಳಗಿನ ಗಾಳಿಯ ಸಂಪರ್ಕ. ಬೂಸ್ಟರಿನಲ್ಲಿ ಒತ್ತಡ ಇರುವಷ್ಟು ಹೊತ್ತು ಸಿರಿಂಜುಗಳು ಕಾಲರನ್ನು ಮೇಲಕ್ಕೆ ಒತ್ತಿ ಹಿಡಿಯುತ್ತವೆ. ರಬ್ಬರ್ ಬ್ಯಾಂಡುಗಳು ಅದನ್ನು ಕೆಳಕ್ಕೆ ಎಳೆಯುತ್ತಿರುತ್ತವೆ. ಬೂಸ್ಟರ್ ಖಾಲಿಯಾದಾಗ ಸಿರಿಂಜ್ ಸೋಲುತ್ತದೆ, ಬ್ಯಾಂಡ್ ಗೆಲ್ಲುತ್ತದೆ, ಮೇಲಿನ ಬಾಟಲಿ ತನ್ನದೇ ಒತ್ತಡದಿಂದ ಚಿಮ್ಮುತ್ತದೆ. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ. ಸೊಗಸಾದ ಏರ್ಪಾಡು. ಎಲ್ಲ ಸಾಮಾನೂ ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿ, ಔಷಧ ಅಂಗಡಿ, ಪಂಕ್ಚರ್ ಅಂಗಡಿಗಳಲ್ಲೇ ಸಿಗುತ್ತದೆ.

ತುಂಬುವ ಒತ್ತಡ 60 ಪಿಎಸ್‌ಐ, ಅಂದರೆ 4 ಬಾರ್‌ಗಿಂತ ಸ್ವಲ್ಪ ಮೇಲೆ. ಅದಕ್ಕಿಂತ ಜಾಸ್ತಿ ಬೇಡ. ತಳಕ್ಕೆ ತೂತು ಹಾಕಿದ ಬಾಟಲಿ ಹೊಸ ಬಾಟಲಿಯಷ್ಟು ಗಟ್ಟಿ ಇರುವುದಿಲ್ಲ. ಬರೀ ಕುಡಿಯುವ ನೀರಿನ ಬಾಟಲಿಯನ್ನಂತೂ ಬಳಸಲೇಬೇಡಿ. ಅದರ ಗೋಡೆ ಗ್ಯಾಸಿನ ಒತ್ತಡಕ್ಕೆ ಅಂತ ಮಾಡಿದ್ದಲ್ಲ.

ಕೈ ಹಾಕುವ ಮೊದಲು

ಎರಡು ಹಂತದ ರಾಕೆಟ್ಟಿನ ನಿಜವಾದ ಅಪಾಯ ಎಲ್ಲಿದೆ ಅಂತ ಬಹಳ ಜನಕ್ಕೆ ಹೊಳೆಯುವುದಿಲ್ಲ. ಒಂದೇ ಬಾಟಲಿಯ ರಾಕೆಟ್ಟಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಗಾಳಿ ಬಿಟ್ಟರಾಯಿತು. ಇಲ್ಲಿ ಹಾಗಲ್ಲ. ಬೂಸ್ಟರಿನ ಗಾಳಿ ಬಿಟ್ಟರೆ ಬೀಗ ತೆರೆಯುತ್ತದೆ. ಮೇಲಿನ ಬಾಟಲಿಯಲ್ಲಿ ಮಾತ್ರ ಒಮ್ಮುಖ ವಾಲ್ವಿನಿಂದಾಗಿ ಪೂರ್ತಿ ಒತ್ತಡ ಹಾಗೇ ಇರುತ್ತದೆ. ಅದು ಹಾರಿಯೇ ಹಾರುತ್ತದೆ. ಬಗ್ಗಿ ನೋಡುತ್ತಿರುವವರ ಮುಖ ಆಗ ಅಲ್ಲೇ ಇರುತ್ತದೆ.

ಅದಕ್ಕೆ ಗಾಳಿ ಬಿಡೋದು ಅಂದರೆ ಮೇಲಿನದನ್ನು ಹಾರಿಸೋದು ಅಂತಲೇ ಲೆಕ್ಕ ಹಾಕಿ. ಪಂಪಿನ ಪೈಪು 10–15 ಮೀಟರ್ ಉದ್ದ ಇರಲಿ. ಗಾಳಿ ಬಿಡುವ ವಾಲ್ವ್ ಪಂಪಿನ ಹತ್ತಿರವೇ ಇರಲಿ. ಕಣ್ಣಿಗೆ ವೆಲ್ಡಿಂಗಿನವರು ಗ್ರೈಂಡಿಂಗ್ ಮಾಡುವಾಗ ಹಾಕುವ ಕನ್ನಡಕ ಹಾಕಿ. ಒತ್ತಡ ತುಂಬಿದ ಮೇಲೆ ಯಾರೂ ಹತ್ತಿರ ಹೋಗಬಾರದು, ಟೇಪ್ ಬಿಚ್ಚಿಕೊಂಡಿದ್ದರೂ ಸರಿ, ಸೋರುತ್ತಿದ್ದರೂ ಸರಿ.

ಹೊಸ ಬಾಟಲಿ ಅಥವಾ ಹೊಸ ಜೋಡಣೆ ಮಾಡಿದಾಗ ಮೊದಲ ಪರೀಕ್ಷೆ ನೀರು ತುಂಬಿಯೇ ಆಗಬೇಕು. ಬಾಟಲಿಯನ್ನು ಅಂಚಿನವರೆಗೆ ನೀರಿನಿಂದ ತುಂಬಿ, 90 ಪಿಎಸ್‌ಐ ಕೊಟ್ಟು ಒಂದೆರಡು ನಿಮಿಷ ಬಿಡಿ. ನೀರು ಗಾಳಿಯ ಹಾಗೆ ಹಿಗ್ಗುವುದಿಲ್ಲ. ಬಾಟಲಿ ಒಡೆದರೂ ಪಟ್ ಅಂತ ಸೀಳಿ ಚೆಲ್ಲುತ್ತದೆ ಅಷ್ಟೇ. ಅದೇ ಬಾಟಲಿ ಗಾಳಿ ತುಂಬಿಕೊಂಡು ಒಡೆದರೆ ಚೂರುಗಳು ಸಿಡಿಯುತ್ತವೆ.

ಫೋನಿನಲ್ಲಿ ಏನು ನೋಡಬೇಕು

22 ಮಿಮೀ ಬಾಯಿಯಿಂದ 750 ಮಿಲಿ ನೀರು ಹೊರಗೆ ಬೀಳೋದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಕಣ್ಣಿಗೆ ಏನೂ ಕಾಣುವುದಿಲ್ಲ. 'ನಾನು ನೋಡಿದೆ, ಬೇಗ ಬಿಟ್ಟಿತು' ಅನ್ನುವ ಮಾತನ್ನು ನಂಬಬೇಡಿ, ಯಾರೇ ಹೇಳಲಿ. ಫೋನಿನ ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಇಡೀ ಬೂಸ್ಟರಿನ ಆಯುಷ್ಯ ಅದರಲ್ಲಿ ಎರಡು ಮೂರು ಚಿತ್ರದೊಳಗೆ ಮುಗಿದಿರುತ್ತದೆ. ಸ್ಲೋ ಮೋಷನ್‌ನಲ್ಲಿ 240 ಚಿತ್ರ ಇಟ್ಟರೆ ಒಂದೊಂದಕ್ಕೆ ಸುಮಾರು 4 ಮಿಲಿಸೆಕೆಂಡ್. ಅದು ಸಾಕು.

ಫೋನನ್ನು ಸ್ಟ್ಯಾಂಡಿಗೆ ಹಾಕಿ, ಅಡ್ಡಲಾಗಿ ಅಲ್ಲ, ಉದ್ದಕ್ಕೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಕಾಲರಿಗೆ ಬಿಳಿ ಟೇಪ್ ಸುತ್ತಿ, ಅದರ ಕೆಳಗಿನ ಭಾಗಕ್ಕೆ ಕಪ್ಪು ಬಳಿಯಿರಿ. ಕಾಲರ್ ಜಾರಿದ ಕ್ಷಣ ಚಿತ್ರದಲ್ಲಿ ಬಿಳಿ ಪಟ್ಟಿ ಸರಿಯುವುದು ಎದ್ದು ಕಾಣುತ್ತದೆ.

ಈಗ ಒಂದೊಂದೇ ಚಿತ್ರ ಮುಂದೆ ಸರಿಸಿ. ಬೂಸ್ಟರಿನ ಬಾಲದಿಂದ ಮೊದಲು ಗಾಜಿನ ಕೋಲಿನ ಹಾಗೆ ತಿಳಿಯಾದ ನೀರು ಬರುತ್ತದೆ. ನೀರು ಮುಗಿದ ಕೂಡಲೇ ಅದು ಬೆಳ್ಳಗೆ ಮಂಜಾಗಿ ಹರಡುತ್ತದೆ. ಉಳಿದ ಗಾಳಿ ಹೊರಗೆ ನುಗ್ಗುತ್ತಾ ಥಟ್ಟನೆ ತಣ್ಣಗಾಗುವುದರಿಂದ ಬರುವ ಮಂಜು ಅದು. ನಮಗೆ ಬೇಕಾಗಿರುವ ಗಡಿರೇಖೆ ಇದೇ. ಬಿಳಿ ಪಟ್ಟಿ ಮಂಜಿನ ಚಿತ್ರಗಳಲ್ಲಿ, ಅದರಲ್ಲೂ ಮಂಜು ಕ್ಷೀಣವಾಗುವ ಹೊತ್ತಿಗೆ ಸರಿದರೆ ಜೋಡಣೆ ಸರಿಯಾಗಿದೆ. ತಿಳಿನೀರು ಇನ್ನೂ ಬರುತ್ತಿರುವಾಗಲೇ ಸರಿದರೆ ಬೇಗ ಬಿಟ್ಟಿದೆ. ಮಂಜು ಪೂರ್ತಿ ನಿಂತು, ರಾಕೆಟ್ ಸುಮ್ನೆ ತೇಲುತ್ತಿರುವಾಗ ಸರಿದರೆ ತಡ.

ಬೇಗ ಬಿಟ್ಟರೆ

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ. ಬೂಸ್ಟರಿನಲ್ಲಿ 60 ಪಿಎಸ್‌ಐ ಇದೆ, ಗಾಳಿಗೆ ಒಂದೂವರೆ ಲೀಟರ್ ಜಾಗ. ನೀರೆಲ್ಲ ಹೊರಬಿದ್ದಾಗ ಅದೇ ಗಾಳಿ 2.25 ಲೀಟರ್ ತುಂಬಬೇಕು. ಹಿಗ್ಗುತ್ತಾ ತಣ್ಣಗಾಗುವುದನ್ನೂ ಸೇರಿಸಿದರೆ ಆಗ ಉಳಿಯುವ ಒತ್ತಡ ಸುಮಾರು 28 ಪಿಎಸ್‌ಐ. ಅಂದರೆ ನೀರು ಮುಗಿಯುವ ಗಡಿ 28. ನಿಮ್ಮ ಬೀಗ ಅದಕ್ಕಿಂತ ಚೆನ್ನಾಗಿ ಕೆಳಗೆ ಬಿಡಬೇಕು, 15ರ ಆಸುಪಾಸಿನಲ್ಲಿ.

ಬೀಗ ಎಷ್ಟಕ್ಕೆ ಬಿಡುತ್ತದೆ ಅನ್ನೋದನ್ನು ತೀರ್ಮಾನಿಸೋದು ಎರಡೇ ಸಂಗತಿ: ಬ್ಯಾಂಡಿನ ಎಳೆತ ಮತ್ತು ಸಿರಿಂಜಿನ ಒಳ ಅಗಲ. 10 ಮಿಲಿ ಸಿರಿಂಜಿನೊಳಗಿನ ವಿಸ್ತೀರ್ಣ ಸುಮಾರು 1.8 ಚದರ ಸೆಂಮೀ. ಎರಡು ಸೇರಿ 3.6. ಬ್ಯಾಂಡುಗಳು ಒಟ್ಟು 4 ಕೆಜಿ ಎಳೆದರೆ 4 ಭಾಗಿಸು 3.6, ಚದರ ಸೆಂಮೀಗೆ 1.1 ಕೆಜಿ, ಅಂದರೆ ಸುಮಾರು 16 ಪಿಎಸ್‌ಐ. ಬ್ಯಾಂಡಿನ ಎಳೆತ ಅಳೆಯಲು ಲಗೇಜು ತೂಗುವ ಚಿಕ್ಕ ಕೊಕ್ಕೆ ತಕ್ಕಡಿ ಸಾಕು. ಕಾಲರ್ ಬೀಗ ಬಿದ್ದ ಜಾಗದಲ್ಲಿರುವಾಗ ಅಳೆಯಿರಿ, ಕೆಳಗೆ ಜಾರಿದ ಮೇಲೆ ಅಲ್ಲ.

ಬ್ಯಾಂಡ್ 7 ಕೆಜಿ ಎಳೆಯುತ್ತಿದ್ದರೆ? ಸುಮಾರು 28 ಪಿಎಸ್‌ಐ. ಗಡಿಗೆ ತಾಗಿಕೊಂಡೇ ಇದೆ. ಇಂಥ ರಾಕೆಟ್ ಒಮ್ಮೆ ಸರಿಯಾಗಿ ಬಿಡುತ್ತದೆ, ಒಮ್ಮೆ ಬೇಗ ಬಿಡುತ್ತದೆ, ಮಾಡಿದವರಿಗೆ ಹುಚ್ಚು ಹಿಡಿಸುತ್ತದೆ. ಒಮ್ಮೆ ಸರಿ ಒಮ್ಮೆ ತಪ್ಪು ಅನ್ನುವ ದೋಷ ಕಂಡರೆ ಏನೋ ಗಡಿಯ ಮೇಲೆ ಕೂತಿದೆ ಅಂತ ಅರ್ಥ.

ಇದನ್ನು ನೆಲದ ಮೇಲೇ ಪರೀಕ್ಷೆ ಮಾಡಿ. ಮೇಲಿನ ಬಾಟಲಿ ಬೇಡ. ಗಂಡು ತುಂಡಿನ ಬಾಯಿ ಮುಚ್ಚಿ ದಾರ ಕಟ್ಟಿ ಕೂರಿಸಿ. ಬೂಸ್ಟರನ್ನು ಪೂರ್ತಿ ನೀರಿನಿಂದ ತುಂಬಿ, 60ಕ್ಕೆ ಒತ್ತಿ, ಆಮೇಲೆ ನಿಧಾನಕ್ಕೆ ಇಳಿಸುತ್ತಾ ಬನ್ನಿ. ಕಾಲರ್ ಜಾರಿದಾಗ ಮೀಟರ್ ಎಷ್ಟು ತೋರಿಸಿತು ಅಂತ ಬರೆದಿಡಿ. ನಾಲ್ಕೈದು ಸಲ ಮಾಡಿ. ಪ್ರತಿ ಸಲ ಒಂದೆರಡು ಪಿಎಸ್‌ಐ ವ್ಯತ್ಯಾಸ ಬಂದರೆ ಪರವಾಗಿಲ್ಲ. ಒಮ್ಮೆ 12, ಒಮ್ಮೆ 22 ಬಂದರೆ ಬ್ಯಾಂಡ್ ಬದಲಾಯಿಸಿ ಪ್ರಯೋಜನವಿಲ್ಲ, ಎಲ್ಲೋ ಉಜ್ಜುತ್ತಿದೆ. ಅದಕ್ಕೆ ಮುಂದೆ ಬರುತ್ತೇನೆ.

ನೆಲದ ಮೇಲೆ 16ಕ್ಕೆ ಸರಿಯಾಗಿ ಬಿಡುವ ಬೀಗ ಹಾರುವಾಗ ಸ್ವಲ್ಪ ಮೊದಲೇ ಬಿಡುತ್ತದೆ. ಇದಕ್ಕೆ ಕಾರಣ ಇದೆ. 60 ಪಿಎಸ್‌ಐ ಹತ್ತಿರ ಬೂಸ್ಟರಿನ ನೂಕು ಬಲ 30 ಕೆಜಿ ತೂಕದಷ್ಟಿರುತ್ತದೆ. ಇಡೀ ರಾಕೆಟ್ಟಿನ ತೂಕ ಒಂದೂವರೆ ಕೆಜಿ. ಅಂದರೆ ಒಳಗಿನ ಪ್ರತಿಯೊಂದು ವಸ್ತುವೂ ಆ ಕ್ಷಣಕ್ಕೆ ತನ್ನ ತೂಕದ 20 ಪಟ್ಟು ತೂಗುತ್ತದೆ. ಕಾಲರ್ ಮತ್ತು ಸಿರಿಂಜಿನ ದಂಡ ಸೇರಿ 40 ಗ್ರಾಂ ಇದ್ದರೆ ಅವು 800 ಗ್ರಾಂ ಆಗಿ ಕೆಳಕ್ಕೆ ಜಗ್ಗುತ್ತವೆ. ಕೆಳಕ್ಕೆ ಅಂದರೆ ಬೀಗ ತೆರೆಯುವ ದಿಕ್ಕು. ಬ್ಯಾಂಡಿನ 4 ಕೆಜಿಗೆ ಇದೂ ಸೇರಿಕೊಂಡು 16 ಇದ್ದದ್ದು 19 ಆಗುತ್ತದೆ. 28ರ ಗಡಿಗೆ ಇನ್ನೂ ದೂರ ಇದೆ, ಹಾಗಾಗಿ ತೊಂದರೆ ಇಲ್ಲ. ನೆಲದ ಮೇಲೆ 24ಕ್ಕೆ ಬಿಡುತ್ತಿದ್ದರೆ ಮಾತ್ರ ಈ ಮೂರು ಪಿಎಸ್‌ಐ ನಿಮ್ಮನ್ನು ಗಡಿಗೇ ತಂದು ನಿಲ್ಲಿಸುತ್ತದೆ. ಕಾಲರಿಗೆ ಹಿತ್ತಾಳೆ ಕ್ಲಿಪ್ಪು, ದಪ್ಪ ಟೇಪು ಸುತ್ತಿ ಭಾರ ಮಾಡಬೇಡಿ ಅನ್ನುವುದು ಇದಕ್ಕೇ. ಸಿರಿಂಜಿನ ದಂಡವನ್ನೂ ಬೇಕಾದಷ್ಟೇ ಉಳಿಸಿ ಕತ್ತರಿಸಿ.

ಬೇಗ ಬಿಡಲು ಇನ್ನೊಂದು ಕಾರಣ ಸಿರಿಂಜಿಗೆ ಹೋಗುವ ಸಣ್ಣ ಪೈಪಿನಲ್ಲಿ ಸೋರಿಕೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಹೇಳುತ್ತದೆ. ಒತ್ತಿ ಕೂರಿಸುವ ಸಿರಿಂಜ್ ಬೇಡ, ತಿರುಗಿಸಿ ಬಿಗಿಯುವ ಬಾಯಿ ಇರುವುದನ್ನೇ ಕೇಳಿ ತನ್ನಿ.

ತಡವಾದರೆ, ಅಥವಾ ಬಿಡದೇ ಹೋದರೆ

ಬೂಸ್ಟರ್ ಮುಗಿದಾಗ ಈ ಅಳತೆಯ ರಾಕೆಟ್ಟಿನ ವೇಗ ಹೆಚ್ಚೆಂದರೆ ಸೆಕೆಂಡಿಗೆ 20 ಮೀಟರ್ ಆಸುಪಾಸು. ಅರ್ಧ ಸೆಕೆಂಡ್ ತಡವಾದರೆ ಭೂಮಿಯ ಎಳೆತವೊಂದೇ ಆ 20ರಲ್ಲಿ 5ನ್ನು ತಿಂದುಹಾಕುತ್ತದೆ. ಗಾಳಿಯ ತಡೆ ಬೇರೆ. ವೇಗ ಇಳಿದಂತೆ ರೆಕ್ಕೆಗೆ ಹಿಡಿತ ತಪ್ಪುತ್ತದೆ, ಮೂತಿ ಬಾಗುತ್ತದೆ. ಆಗ ಮೇಲಿನ ಬಾಟಲಿ ಹಾರುವುದು ಆಕಾಶಕ್ಕಲ್ಲ, ಪಕ್ಕದ ಹೊಲಕ್ಕೆ. ನೋಡಿದವರಿಗೆ ರೆಕ್ಕೆಯ ದೋಷ ಅನ್ನಿಸುತ್ತದೆ. ಫೋನಿನ ಚಿತ್ರ ನೋಡಿದರೆ ಮಾತ್ರ ಗೊತ್ತಾಗುತ್ತದೆ, ಬಾಗಿದ್ದು ಬಿಡುವ ಮೊದಲೋ ಬಿಟ್ಟ ಮೇಲೋ ಅಂತ.

ತಡಕ್ಕೆ ದೊಡ್ಡ ಕಾರಣ ಉಜ್ಜುವಿಕೆ. ಸಿರಿಂಜಿನ ರಬ್ಬರ್ ತಲೆ ಒಂದೇ ಕಡೆ ಸ್ವಲ್ಪ ಹೊತ್ತು ನಿಂತರೆ ಗೋಡೆಗೆ ಕಚ್ಚಿಕೊಳ್ಳುತ್ತದೆ. ನೀವು ಪಂಪ್ ಹೊಡೆದು, ಫೋಟೋ ತೆಗೆಸಿಕೊಂಡು, ಹುಡುಗರನ್ನೆಲ್ಲ ಹಿಂದೆ ಸರಿಸುವಷ್ಟರಲ್ಲಿ ಕಚ್ಚಿಕೊಂಡಿರುತ್ತದೆ. ನೆಲದ ಪರೀಕ್ಷೆಯಲ್ಲಿ ತಕ್ಷಣ ಬಿಟ್ಟದ್ದು ಮೈದಾನದಲ್ಲಿ ಯಾಕೆ ತಡ ಮಾಡಿತು ಅಂದರೆ ಇದೇ. ಪರೀಕ್ಷೆ ಮಾಡುವಾಗಲೂ ಒತ್ತಡ ಕೊಟ್ಟು ಐದು ನಿಮಿಷ ಬಿಟ್ಟು ಇಳಿಸಿ ನೋಡಿ. ಮದ್ದು: ಸಿಲಿಕೋನ್ ಗ್ರೀಸು, ತೆಳ್ಳಗೆ. ವ್ಯಾಸಲೀನು, ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ವಾಲ್‌ಟ್ಯೂಬಿನಂಥ ರಬ್ಬರ್ ಎಣ್ಣೆ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ. ಇವತ್ತು ಜಾರಿದ್ದು ಮುಂದಿನ ವಾರ ಇನ್ನೂ ಜಾಸ್ತಿ ಅಂಟುತ್ತದೆ.

ಎರಡನೆಯದು ಧೂಳು. ಅಣ್ಣಿಗೇರಿ, ನವಲಗುಂದ, ಗದಗದ ಕಡೆಯ ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಿಟ್ಟಿನಂಥ ಧೂಳೇಳುತ್ತದೆ. ಒಮ್ಮೆ ಬಿದ್ದೆದ್ದ ಬೂಸ್ಟರಿನ ಕಾಲರಿನೊಳಗೆ ಅದು ಗ್ರೀಸಿನ ಜೊತೆ ಸೇರಿ ಅಂಟಾಗುತ್ತದೆ. ಒರೆಸಿದರೆ ಹೋಗುವುದಿಲ್ಲ, ಬಿಚ್ಚಿ ಸೋಪು ಹಾಕಿ ತೊಳೆದು ಮತ್ತೆ ಗ್ರೀಸು ಹಚ್ಚಬೇಕು. ಪ್ರತಿ ಹಾರಾಟದ ನಂತರವೂ.

ಮೂರನೆಯದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ: ಸಿರಿಂಜಿನ ಪೈಪು ತೀರಾ ಸಣ್ಣದಿರೋದು. ಸೂಜಿಯ ತೂತಿನಷ್ಟು ಕಿರಿದಾದ ದಾರಿ ಇದ್ದರೆ ಬೂಸ್ಟರಿನ ಒತ್ತಡ ಇಳಿದರೂ ಸಿರಿಂಜಿನೊಳಗಿನದು ಇಳಿಯಲು ಹೊತ್ತು ಬೇಕು. ಆ ದಾರಿಯಲ್ಲಿ ನೀರು ಸೇರಿಕೊಂಡಿದ್ದರೆ ಇನ್ನೂ ನಿಧಾನ. ನಿಧಾನಕ್ಕೆ ಒತ್ತಡ ಇಳಿಸುವ ನೆಲದ ಪರೀಕ್ಷೆಯಲ್ಲಿ ಈ ದೋಷ ಕಾಣಿಸುವುದೇ ಇಲ್ಲ. ಅದಕ್ಕೆ ಒಂದು ಸಲ ಥಟ್ಟನೆ ಇಳಿಸಿಯೂ ನೋಡಬೇಕು, ಸ್ಲೋ ಮೋಷನ್ ಹಚ್ಚಿ. ಮೀಟರಿನ ಮುಳ್ಳು ಬಿದ್ದ ಎಷ್ಟು ಹೊತ್ತಿಗೆ ಕಾಲರ್ ಜಾರಿತು ಅಂತ ಕಾಣುತ್ತದೆ. ಕನಿಷ್ಠ 4 ಮಿಮೀ ಒಳ ಅಗಲದ ಪೈಪು, ಆದಷ್ಟು ಗಿಡ್ಡ, ಮಡಿಕೆ ಬೀಳದ ಹಾಗೆ.

ಪೂರ್ತಿ ಬಿಡದೇ ಹೋದರೆ ಬಹುತೇಕ ಕಾಲರ್ ಓರೆಯಾಗಿರುತ್ತದೆ. ಒಂದು ಬದಿಯ ಬ್ಯಾಂಡ್ ಸಡಿಲ, ಇನ್ನೊಂದು ಬಿಗಿ. ಡ್ರಾಯರ್ ಓರೆಯಾಗಿ ಸಿಕ್ಕಿಕೊಂಡ ಹಾಗೆ ಕಾಲರ್ ಸಿಕ್ಕಿಕೊಳ್ಳುತ್ತದೆ. ಎರಡೂ ಬದಿಯ ಎಳೆತ ಬೇರೆ ಬೇರೆ ಅಳೆದು ಸಮ ಮಾಡಿ. ಬ್ಯಾಂಡುಗಳನ್ನು ಜೋಡಿಯಾಗಿಯೇ ಬದಲಾಯಿಸಿ. ಬಿಸಿಲಿನಲ್ಲಿ ಇಟ್ಟ ರಬ್ಬರ್ ಬೇಗ ಸಾಯುತ್ತದೆ.

ಈ ದೋಷಗಳು ಸಣ್ಣವರ ಆಟದಲ್ಲಿ ಮಾತ್ರ ಬರುತ್ತವೆ ಅಂದುಕೊಳ್ಳಬೇಡಿ. 2017ರ ಆಗಸ್ಟ್ 31ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ39ರ ಮೂತಿಯ ಕವಚ ಬೇರ್ಪಡಲೇ ಇಲ್ಲ, ಉಪಗ್ರಹ ಅದರೊಳಗೇ ಉಳಿಯಿತು. 2008ರ ಆಗಸ್ಟಿನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ 1ರ ಮೂರನೇ ಹಾರಾಟ ನಮ್ಮ 'ಬೇಗ ಬಿಟ್ಟರೆ' ಜಾತಿಯದ್ದು. ಕೆಳಗಿನ ಎಂಜಿನ್ ನಿಲ್ಲಿಸಿದ ಮೇಲೂ ಉಳಿದಿದ್ದ ಸ್ವಲ್ಪ ನೂಕಿನಿಂದ, ಬೇರ್ಪಟ್ಟ ಹಂತ ಹಿಂದಿನಿಂದ ಬಂದು ಮೇಲಿನದಕ್ಕೆ ಗುದ್ದಿತು. ಅವರು ಆಮೇಲೆ ಮಾಡಿದ ತಿದ್ದುಪಡಿ ನೋಡಿ: ಎಂಜಿನ್ ನಿಂತ ಮೇಲೆ ಬೇರ್ಪಡಿಸಲು ಇನ್ನಷ್ಟು ಹೊತ್ತು ಕಾಯೋದು, ಅಷ್ಟೇ. ಬೇರೆ ಏನೂ ಮುಟ್ಟಲಿಲ್ಲ. ಸೆಪ್ಟೆಂಬರ್ 28ರಂದು ನಾಲ್ಕನೆಯದು ಕಕ್ಷೆ ಸೇರಿತು. ದೋಷ ಎಲ್ಲಿದೆ ಅಂತ ಖಚಿತವಾಗಿ ಗೊತ್ತಿದ್ದವರು ಮಾತ್ರ ಹೀಗೆ ಒಂದೇ ಒಂದನ್ನು ತಿದ್ದಿ ಸುಮ್ಮನಿರಲು ಸಾಧ್ಯ. ನೀವೂ ಒಂದು ಸಲಕ್ಕೆ ಒಂದೇ ಬದಲಿಸಿ. ಬ್ಯಾಂಡೂ ಬದಲಿಸಿ, ನೀರೂ ಬದಲಿಸಿ ಹಾರಿಸಿದರೆ ಸರಿಹೋದರೂ ಯಾಕೆ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಸರಿಯಾದ ಹೊತ್ತಿಗೆ ಬಿಟ್ಟರೂ ಮೇಲಕ್ಕೆ ಹೋಗದಿದ್ದರೆ

ಬಿಳಿ ಪಟ್ಟಿ ಸರಿಯಾಗಿ ಸರಿದಿದೆ, ಮೇಲಿನ ಬಾಟಲಿ ಬಿಟ್ಟಿದೆ, ಆದರೆ ನಾಲ್ಕು ಮೀಟರ್ ಎಗರಿ ಸುಸ್ತಾಗಿದೆ. ಅದರೊಳಗೆ ಒತ್ತಡವೇ ಇರಲಿಲ್ಲ ಅಂತ ಅರ್ಥ. ಪಂಪಿನ ಮೀಟರ್ ಬೂಸ್ಟರಿನ ಒತ್ತಡ ತೋರಿಸುತ್ತದೆ, ಮೇಲಿನದನ್ನಲ್ಲ. ನಡುವಿನ ವಾಲ್‌ಟ್ಯೂಬ್ ತೆರೆಯಲಿಕ್ಕೇ ಸ್ವಲ್ಪ ಒತ್ತಡ ಬೇಕು, ಅಷ್ಟು ಮೇಲಿನದರಲ್ಲಿ ಕಡಿಮೆ ಇದ್ದೇ ಇರುತ್ತದೆ. ರಬ್ಬರ್ ಹಳೆಯದಾದರೆ ಪಿನ್ನಿಗೆ ಅಂಟಿಕೊಂಡು ಇನ್ನೂ ಜಾಸ್ತಿ ಕೇಳುತ್ತದೆ. ಹಳೇ ಹುಬ್ಬಳ್ಳಿಯ ಪಂಕ್ಚರ್ ಅಂಗಡಿಯ ಕಾಕಾ ಒಬ್ಬರು ಪಿನ್ನನ್ನು ಬೆರಳಲ್ಲಿ ತಿರುಗಿಸಿ ನೋಡಿ ಹೇಳಿದ್ದು ಇಷ್ಟೇ: "ತಮ್ಮಾ, ರಬ್ಬರ್ ಅಂಟೇತಿ. ಹೊಸಾದು ಹಾಕು, ಪುಡಿ ಹಚ್ಚಿ ಹಾಕು." ಟ್ಯೂಬಿಗೆ ಉದುರಿಸುವ ಆ ಬಿಳಿ ಪುಡಿ ಚಿಟಿಕೆಯಷ್ಟು ಸಾಕು. ನಿಜಕ್ಕೂ ಅದೇ ಮದ್ದು.

ಗಾಳಿ ತುಂಬುವಾಗ ದೂರದಿಂದಲೇ ಮೇಲಿನ ಬಾಟಲಿಯ ನೀರನ್ನು ನೋಡಿ. ಪಂಪ್ ಒತ್ತಿದಾಗೆಲ್ಲ ಗುಳ್ಳೆ ಏಳಬೇಕು. ಮೊದಲ ಹತ್ತು ಪಿಎಸ್‌ಐ ತನಕ ಒಂದೂ ಗುಳ್ಳೆ ಇಲ್ಲ ಅಂದರೆ ಆ ಹತ್ತು ಪೂರ್ತಿ ಮೇಲಿನದಕ್ಕೆ ಖೋತಾ.

ತದ್ವಿರುದ್ಧ ದೋಷವೂ ಇದೆ: ವಾಲ್ವ್ ಹಿಂದಕ್ಕೆ ಸೋರೋದು. ಬೂಸ್ಟರ್ ಖಾಲಿಯಾಗುವಾಗ ಮೇಲಿನದರ ನೀರೂ ಗಾಳಿಯೂ ಕೆಳಕ್ಕೆ ಜಾರಿಹೋಗುತ್ತದೆ. ಇದನ್ನು ಹಿಡಿಯುವ ಉಪಾಯ ಇಂಕು. ಕಾಲರನ್ನು ಬೀಗ ಬಿದ್ದ ಜಾಗದಲ್ಲೇ ಎರಡು ಸುತ್ತು ತಂತಿ ಹಾಕಿ ಕಟ್ಟಿಬಿಡಿ, ಯಾವ ಕಾರಣಕ್ಕೂ ಜಾರದ ಹಾಗೆ. ಬೂಸ್ಟರಿಗೆ ಬರೀ ನೀರು ತುಂಬಿ. ಮೇಲಿನದಕ್ಕೆ ನೀಲಿ ಇಂಕು ಬೆರೆಸಿದ ನೀರು, ಮೇಲೆ ಒಂದು ಬೆರಳಿನಷ್ಟು ಮಾತ್ರ ಗಾಳಿ. 30 ಪಿಎಸ್‌ಐ ಕೊಟ್ಟು ಬೂಸ್ಟರಿನ ಒತ್ತಡ ಇಳಿಸಿ, ದೂರದಿಂದ ನೋಡಿ. ಬೂಸ್ಟರಿನ ತಿಳಿನೀರಿನಲ್ಲಿ ನೀಲಿ ಎಳೆ ಇಳಿದರೆ ಕಳ್ಳ ಸಿಕ್ಕ. ಪರೀಕ್ಷೆ ಮುಗಿದ ಮೇಲೆ ಹಾಗೇ ಹೋಗಿ ಕೈ ಹಾಕಬೇಡಿ. ವಾಲ್ವ್ ಗಟ್ಟಿಯಿದ್ದರೆ ಮೇಲೆ ಇನ್ನೂ 30 ಇರುತ್ತದೆ. ಇದಕ್ಕೇ ಅಂತ ಪರೀಕ್ಷೆಯ ಬಾಟಲಿಯ ಬದಿಗೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ, ಅದಕ್ಕೆ ಉದ್ದ ಪೈಪು ಹಾಕಿ ದೂರದಿಂದ ಗಾಳಿ ಬಿಡುವ ಏರ್ಪಾಡು ಇಟ್ಟುಕೊಳ್ಳಿ. ರಂಗಪಂಚಮಿಯಲ್ಲಿ ಉಳಿದ ಬಣ್ಣದ ಪುಡಿ ಹಾಕುವ ಆಸೆ ನಮ್ಮೂರಲ್ಲಿ ಎಲ್ಲರಿಗೂ ಬರುತ್ತದೆ. ಬೇಡ, ಪುಡಿಯ ಕಾಳು ವಾಲ್ವಿನಲ್ಲಿ ಸಿಕ್ಕಿಕೊಂಡು ಇಲ್ಲದ ಸೋರಿಕೆ ಹುಟ್ಟಿಸುತ್ತದೆ.

ಬಾಗಿ ಹೋದರೆ

ಈಗ ರೆಕ್ಕೆಯ ಸರದಿ. ರಾಕೆಟ್ ನೆಟ್ಟಗೆ ಹೋಗಬೇಕಾದರೆ ತೂಕದ ಕೇಂದ್ರ ಮುಂದೆ, ಗಾಳಿ ಒತ್ತುವ ಕೇಂದ್ರ ಹಿಂದೆ ಇರಬೇಕು. ಎರಡರ ನಡುವೆ ಕನಿಷ್ಠ ಬಾಟಲಿಯ ಅಗಲದಷ್ಟು ಅಂತರ. ಒಂದೇ ಹಂತದ ರಾಕೆಟ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ಅವರು ಮರೆಯೋದು ಏನೆಂದರೆ, ಇಲ್ಲಿ ಒಂದಲ್ಲ ನಾಲ್ಕು ರಾಕೆಟ್ ಇವೆ: ಎರಡೂ ತುಂಬಿದ ಜೋಡಿ, ಕೆಳಗಿನದು ಖಾಲಿಯಾದ ಜೋಡಿ, ಒಂಟಿಯಾಗಿ ನೀರು ತುಂಬಿದ ಮೇಲಿನದು, ಒಂಟಿಯಾಗಿ ಖಾಲಿಯಾದ ಮೇಲಿನದು. ನಾಲ್ಕೂ ಸ್ಥಿರವಾಗಿರಬೇಕು.

ಸಿಕ್ಕಿಬೀಳೋದು ಮೊದಲನೆಯದರಲ್ಲಿ. ಮೇಲಿನದು ಒಂಟಿಯಾಗಿ ನೆಟ್ಟಗಿರಲಿ ಅಂತ ಅದಕ್ಕೆ ದೊಡ್ಡ ರೆಕ್ಕೆ ಹಚ್ಚುತ್ತೇವೆ. ಜೋಡಿಯಾಗಿರುವಾಗ ಆ ರೆಕ್ಕೆ ರಾಕೆಟ್ಟಿನ ನಡುಮಧ್ಯದಲ್ಲಿರುತ್ತದೆ, ಗಾಳಿಯ ಕೇಂದ್ರವನ್ನು ಮುಂದಕ್ಕೆ ಎಳೆಯುತ್ತದೆ. ಅದೇ ಹೊತ್ತಿಗೆ ಬೂಸ್ಟರಿನ 750 ಗ್ರಾಂ ನೀರು ಬಾಲದಲ್ಲಿ ಕೂತು ತೂಕದ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಸೇರಿ ಜೋಡಿ ನೆಲ ಬಿಟ್ಟ ಕೂಡಲೇ ತಿರುಗುತ್ತದೆ. ಪರಿಹಾರ ಮೇಲಿನ ರೆಕ್ಕೆ ಚಿಕ್ಕದು ಮಾಡೋದಲ್ಲ. ಬೂಸ್ಟರಿನ ರೆಕ್ಕೆ ದೊಡ್ಡದು ಮಾಡಿ, ಆದಷ್ಟು ಹಿಂದಕ್ಕೆ ಸರಿಸಿ.

ಗಾಳಿಯ ಕೇಂದ್ರ ಹುಡುಕಲು ಕಂಪ್ಯೂಟರ್ ಬೇಕಿಲ್ಲ. ರಾಕೆಟ್ಟಿನ ಪಕ್ಕದ ಆಕಾರವನ್ನು ರಟ್ಟಿನಲ್ಲಿ ಅಳತೆಗೆ ತಕ್ಕ ಹಾಗೆ ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ಇಟ್ಟು ತೂಗಿಸಿ. ರಟ್ಟು ಎಲ್ಲಿ ಸಮವಾಗಿ ನಿಲ್ಲುತ್ತದೋ ಅಲ್ಲಿ ಕೇಂದ್ರ ಅಂತ ಇಟ್ಟುಕೊಳ್ಳಿ. ನಿಜವಾದದ್ದು ಅದಕ್ಕಿಂತ ಸ್ವಲ್ಪ ಹಿಂದೆಯೇ ಇರುತ್ತದೆ, ಹಾಗಾಗಿ ಈ ಲೆಕ್ಕ ಸುರಕ್ಷಿತ ಕಡೆಗೇ ತಪ್ಪುತ್ತದೆ.

ಜೋಡಣೆ ಅಲುಗಾಡುತ್ತಿದ್ದರೂ ಬಾಗುತ್ತದೆ. ಕನೆಕ್ಟರ್ ಒಂದೇ ಮೇಲಿನ ಬಾಟಲಿಯನ್ನು ನೆಟ್ಟಗೆ ಹಿಡಿಯಲಾರದು. ಬೂಸ್ಟರಿನ ತಲೆಗೆ ಅದೇ ಅಳತೆಯ ಬಾಟಲಿಯಿಂದ ಕತ್ತರಿಸಿದ ಬಳೆ ಕೂರಿಸಿ, ಮೇಲಿನದರ ಹೆಗಲು ಅದರಲ್ಲಿ ಸಡಿಲವಾಗಿ ಆದರೆ ಓಲಾಡದೆ ಕೂರಬೇಕು. ಕಾಲರ್ ಕಾಣಲು ಬಳೆಯಲ್ಲಿ ಒಂದು ಕಿಟಕಿ ಬಿಡಿ. ಇದನ್ನೆಲ್ಲ ಅಂಟಿಸಲು ಘಾಟು ವಾಸನೆಯ ಅಂಟು ಬೇಡ, ಬಿಸಿ ಗ್ಲೂಗನ್ನೂ ಒತ್ತಡದ ಬಾಟಲಿಗೆ ನೇರವಾಗಿ ಬೇಡ. ಬಾಟಲಿಯ ಪ್ಲಾಸ್ಟಿಕ್ 70–80 ಡಿಗ್ರಿಗೇ ಮೆತ್ತಗಾಗುತ್ತದೆ. ಗೋಡೆಯಲ್ಲಿ ಬಿಳಿ ಗೆರೆ ಅಥವಾ ಮಬ್ಬು ಕಂಡರೆ ಆ ಬಾಟಲಿ ಕಸಕ್ಕೆ.

ಗಾಳಿ ಮತ್ತು ಹೊಲ

ಬೆಳಗ್ಗೆ ಬೇಗ ಹಾರಿಸಿ. ಹೊತ್ತೇರಿದರೆ ಬಯಲಿನಲ್ಲಿ ಗಾಳಿ ಏಳುತ್ತದೆ. ಜೂನ್ ಬಂತೆಂದರೆ ಪಡುವಣ ಗಾಳಿ ಇಡೀ ದಿನ ಬೀಸುತ್ತದೆ, ಗದಗದ ಗಾಳಿಯಂತ್ರಗಳಿಗೆ ಒಳ್ಳೆಯದು, ನಮಗಲ್ಲ. ಕಡಲೆ, ಬಿಳಿಜೋಳ ಕಟಾವಾದ ಮೇಲೆ ಹೊಲ ಖಾಲಿ ಇರುತ್ತದೆ, ಹೊಲದವರನ್ನು ಕೇಳಿಯೇ ಇಳಿಯಿರಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಕಡೆ ಬೇಡವೇ ಬೇಡ. ವಿದ್ಯುತ್ ತಂತಿ ಕಾಣುವ ಜಾಗವೂ ಬೇಡ.

ಕೊನೆಯದಾಗಿ, ಬಿಡದೇ ಹೋದ ಜೋಡಿ ಹೊಲದಲ್ಲಿ ಬಿದ್ದಾಗ ಓಡಿ ಹೋಗಿ ಎತ್ತಬೇಡಿ. ಮೇಲಿನದರಲ್ಲಿ ಇನ್ನೂ 60 ಇರಬಹುದು, ಬೀಗಕ್ಕೆ ಹಿಡಿತವಿಲ್ಲ, ಸ್ವಲ್ಪ ಅಲುಗಿದರೂ ಹಾರುತ್ತದೆ. ಮೂತಿ, ಬಾಲ ಯಾವ ಕಡೆಗಿವೆ ನೋಡಿ, ಆ ಎರಡೂ ದಿಕ್ಕಿನಿಂದ ಎಲ್ಲರನ್ನೂ ಸರಿಸಿ. ಕನ್ನಡಕ ಹಾಕಿದ ಒಬ್ಬರು ಮಾತ್ರ ಬದಿಯಿಂದ ಹೋಗಿ, ತುದಿಗೆ ತಂತಿ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರಿನ ಗಳದಿಂದ ಕಾಲರನ್ನು ಎಳೆಯಲಿ. ಮೇಲಿನದು ಹಾರಿ ಖಾಲಿಯಾದ ಮೇಲೆ ಎರಡನ್ನೂ ಎತ್ತಿಕೊಂಡು ಬನ್ನಿ, ಕಾಲರನ್ನು ಒರೆಸದೆ, ತೊಳೆಯದೆ ಹಾಗೇ. ಎಲ್ಲಿ ಸಿಕ್ಕಿಕೊಂಡಿತ್ತು ಅನ್ನೋದರ ಗುರುತು ಅದರ ಮೇಲೇ ಇರುತ್ತದೆ.